ಎಸ್ಕಲೇಟರ್ ಬುಡದಲ್ಲಿ ನಿಂತ ಅಜ್ಜಿ: ಸಂತೆಯಿಂದ ಮಾಲ್‌ವರೆಗೆ

1/9

ಈ ಸಲದ ಸರಣಿ ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಹೋದ ದಸರಾ ರಜೆಯಲ್ಲಿ ನಮ್ಮ ಕ್ಲಾಸಿನ ಐದು ಜನ ಮೈಸೂರಿನ ಒಂದು ಮಾಲ್‌ಗೆ ಹೋಗಿದ್ವಿ. ಕಾಲಿಡೋಕೆ ಜಾಗ ಇರಲಿಲ್ಲ. ಎಸ್ಕಲೇಟರ್ ಬುಡದಲ್ಲಿ ಒಬ್ಬ ಅಜ್ಜಿ, ಪಕ್ಕದಲ್ಲಿ ಅವರ ಯಜಮಾನರು. ಅಜ್ಜಿ ಒಂದು ಕಾಲು ಮುಂದೆ ಇಡೋರು, ಮೆಟ್ಟಿಲು ಓಡಿಹೋಗೋದು, ಕಾಲು ಹಿಂದಕ್ಕೆ ತಗೊಳ್ಳೋರು. ಮತ್ತೆ ಮುಂದೆ, ಮತ್ತೆ ಹಿಂದೆ. ಅವರ ಹಿಂದೆ ಜನ ಸೇರ್ತಾ ಇದ್ರು. ಯಾರೋ "ಸೈಡಿಗೆ ಹೋಗಮ್ಮ" ಅಂತ ಗದರಿದ್ರು. ನಮ್ಮಲ್ಲೊಬ್ಬಳು ಇದನ್ನೆಲ್ಲ ಶೂಟ್ ಮಾಡಿದ್ಲು. ಹನ್ನೆರಡು ಸೆಕೆಂಡಿನ ರೀಲ್, ಅದಕ್ಕೊಂದು ಕಾಮಿಡಿ ಮ್ಯೂಸಿಕ್. ಕ್ಲಾಸ್ ಗ್ರೂಪಲ್ಲಿ ಎಲ್ರೂ ನಕ್ಕಿದ್ದೇ ನಕ್ಕಿದ್ದು. ಮೊದಲು ನಗೋ ಎಮೋಜಿ ಹಾಕಿದ್ದು ನಾನೇ.

ರಾತ್ರಿ ಮನೆಗೆ ಬಂದು ನಮ್ಮಜ್ಜಿಗೂ ತೋರಿಸಿದೆ. ಅವರು ನಗಲಿಲ್ಲ. ಫೋನನ್ನ ಕಣ್ಣ ಹತ್ರ ಹಿಡ್ಕೊಂಡು ಎರಡು ಸಲ ನೋಡಿದ್ರು. ಆಮೇಲೆ ಕೇಳಿದ್ರು: "ಆಮ್ಯಾಕೆ ಆಯಮ್ಮ ಮ್ಯಾಕ್ ಹತ್ತುದ್ಲಾ ಇಲ್ವಾ?"

ನನಗೆ ಗೊತ್ತಿರಲಿಲ್ಲ. ರೀಲ್ ಅಷ್ಟಕ್ಕೇ ಮುಗಿದಿತ್ತು.

ಆ ಪ್ರಶ್ನೆ ತಲೇಲಿ ಕೂತುಬಿಡ್ತು. ಮಾಲ್‌ನಲ್ಲಿ ಹೆಂಗಿರಬೇಕು ಅನ್ನೋದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ ಅಂತ ನಕ್ಕಿದ್ವಲ್ಲ, ಆ ಗೊತ್ತಿರೋದು ನಮಗೆ ಎಲ್ಲಿಂದ ಬಂತು? ಯಾವಾಗ ಬಂತು? ಹಿಸ್ಟರಿ ಓದೋಳಲ್ವಾ, ಹುಡುಕಿದೆ. ಸಿಕ್ಕಿದ್ದನ್ನ ಇಲ್ಲಿ ಹಾಕ್ತಾ ಹೋಗ್ತೀನಿ.

2/9

ಮಳವಳ್ಳಿ ಅಂದ್ರೆ ನಮ್ಮ ಸಿಲಬಸ್‌ಗೆ 1799ರ ಮಾರ್ಚ್ 27. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಬ್ರಿಟಿಷ್ ಸೈನ್ಯವನ್ನ ಎದುರಿಸಿದ ಕದನ. ನಮ್ಮಜ್ಜಿಗೆ ಮಳವಳ್ಳಿ ಅಂದ್ರೆ ಸಂತೆ, ಅಷ್ಟೇ. ಟಿಪ್ಪು ಅವರಿಗೆ ಆಮೇಲೆ.

ಸಂತೆ ಅಂದ್ರೆ ಗಲಾಟೆ, ನೂಕಾಟ, ಶಿಸ್ತೇ ಇಲ್ಲದ ಜಾಗ ಅಂತ ನಾನು ಅಂದುಕೊಂಡಿದ್ದೆ. ಅಜ್ಜಿ ಹತ್ರ ಒಂದು ಸಾಯಂಕಾಲ ಕೂತು ಕೇಳಿದ ಮೇಲೆ ಗೊತ್ತಾಯ್ತು, ಅಲ್ಲಿದ್ದಷ್ಟು ಕಟ್ಟುಪಾಡು ಮಾಲ್‌ನಲ್ಲೂ ಇಲ್ಲ. ಬೋಣಿ ಹೊತ್ತಲ್ಲಿ ಬೆಲೆ ಕೇಳಿ, ಚೌಕಾಸಿ ಮಾಡಿ, ತಗೊಳ್ದೆ ಎದ್ದು ಹೋಗೋ ಹಂಗಿಲ್ಲ. ಬೋಣಿ ಅಂದ್ರೆ ದಿನದ ಮೊದಲ ವ್ಯಾಪಾರ, ಅದು ಕೆಟ್ರೆ ಇಡೀ ದಿನ ಕೆಡುತ್ತೆ ಅನ್ನೋ ನಂಬಿಕೆ. ತಗೊಳ್ಳೋ ಮನಸ್ಸಿಲ್ದಿದ್ರೆ ಬೋಣಿ ಮುಗಿಯೋವರೆಗೂ ಆ ಕಡೆ ಹೋಗಬಾರದು. ಬದನೆಕಾಯಿ ಎತ್ತಿ ನೋಡಬಹುದು, ಉಗುರು ಒತ್ತಿ ನೋಡಬಾರದು. ಇನ್ನೊಬ್ರು ಬೆಲೆ ಮಾತಾಡ್ತಿರುವಾಗ ನಡುವೆ ಬಾಯಿ ಹಾಕಿದ್ರೆ ಜಗಳವೇ. ಅಳೆಯೋರನ್ನ ಅಳೆಯುವಾಗ ಮಾತಾಡಿಸಬಾರದು, ಲೆಕ್ಕ ತಪ್ಪುತ್ತೆ. ಮೊದಲನೇ ಸೇರು ಸುರಿಯುವಾಗ ಒಂದು ಅನ್ನಲ್ಲ, "ಲಾಭ" ಅಂತಾರೆ. ಲಾಭ, ಎರಡು, ಮೂರು ಅಂತ ಲೆಕ್ಕ ಹೋಗುತ್ತೆ. ಎಲ್ಲ ಅಳೆದ ಮೇಲೆ ಒಂದು ಹಿಡಿ ಜಾಸ್ತಿ, ಅದು ಕೊಸರು. ನಾವು ಈಗ "ಕೊಸರಾಡಬೇಡ" ಅಂತ ಬೈಯೋಕೆ ಬಳಸೋ ಮಾತಲ್ಲೂ ಕೊಸರು ಇದೆ. ಆದ್ರೆ ಅಜ್ಜಿ ಪ್ರಕಾರ ಕೊಸರು ಕೇಳೋದು ಜಿಪುಣತನ ಅಲ್ಲ, ಕೊಡದೇ ಇರೋದು ಮರ್ಯಾದೆಗೇಡು.

ಇನ್ನೂ ಮಜಾ ಇರೋದು ದನಗಳ ಜಾತ್ರೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಕೆ.ಆರ್. ಪೇಟೆ ಕಡೆಯ ಹೇಮಗಿರಿ, ಪಾಂಡವಪುರ ಕಡೆಯ ಬೇಬಿ ಬೆಟ್ಟ ಎರಡೂ ದನಗಳ ಜಾತ್ರೆಗೆ ಹೆಸರುವಾಸಿ. ಅಲ್ಲಿ ಎತ್ತಿನ ಬೆಲೆಯನ್ನ ಬಾಯಲ್ಲಿ ಹೇಳಲ್ಲ. ಟವೆಲ್ ಒಳಗೆ ಇಬ್ಬರೂ ಕೈ ಹಾಕಿ, ಬೆರಳು ಹಿಡಿದು ಮಾತಾಡ್ಕೊಳ್ತಾರೆ. ಸುತ್ತ ನಿಂತವರಿಗೆ ಎಷ್ಟಕ್ಕೆ ಕುದುರಿತು ಅಂತ ಗೊತ್ತಾಗಲ್ಲ. ಮಾರೋನ ಕಷ್ಟ ಊರಿಗೆಲ್ಲ ಕೇಳಿಸಬಾರದು ಅನ್ನೋದೂ ಅದರಲ್ಲಿದೆ ಅಂತ ನನಗನ್ನಿಸುತ್ತೆ, ದಲ್ಲಾಳಿಯ ಚಾಲಾಕಿನೂ ಇದೆ.

ಅಜ್ಜಿ ಕೊನೆಗೆ ಹೇಳಿದ್ದು ಒಂದು ಸಣ್ಣ ವಿಷಯ. ತಲೆ ಮೇಲೆ ಹೊರೆ ಹೊತ್ತು ಬರೋರಿಗೆ ಯಾರಾದ್ರೂ ಸರಿ ದಾರಿ ಬಿಡಬೇಕು, ಹೊರೆ ಇಳಿಸೋಕೆ ಕೈ ಕೊಡಬೇಕು. ಒಬ್ಬರೇ ಇಳಿಸೋಕಾಗಲ್ಲ, ಕತ್ತು ಉಳುಕುತ್ತೆ. ಕೈ ಕೊಟ್ಟೋರ ಹೆಸರು ಕೇಳೋದು, ಥ್ಯಾಂಕ್ಸ್ ಹೇಳೋದು ಏನೂ ಇರಲಿಲ್ಲ. "ಅದ್ಕೆಲ್ಲ ಎಂಥ ಮಾತವ್ವ" ಅಂದ್ರು.

3/9

ಈ ಭಾಗ ಮಂಡ್ಯದವರಿಗೆ. (ಮೊದಲನೇ ಫೋಟೋ ಪೇಟೆ ಬೀದಿ, ಗೌರಿ ಹಬ್ಬದ ಹಿಂದಿನ ದಿನ. ಜನದಿಂದ ರಸ್ತೆ ಕಾಣಲ್ಲ, ಕ್ಷಮಿಸಿ.)

ನಮ್ಮ ಊರು ಅಂಗಡಿಗಳ ಊರಾಗಿದ್ದು ನೀರು ಬಂದ ಮೇಲೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ 1932ಕ್ಕೆ ಮುಗೀತು. ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರ ಜುಲೈ 1ಕ್ಕೆ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆಯೇ ಆಯ್ತು. ಏಳು ವರ್ಷದಲ್ಲಿ ಇಷ್ಟೆಲ್ಲ. ಕಬ್ಬು ಬೆಳೆದೋರ ಕೈಗೆ ವರ್ಷದಲ್ಲಿ ಒಂದೆರಡು ಸಲ ಒಟ್ಟಿಗೆ ದುಡ್ಡು ಬರುತ್ತೆ, ಹಬ್ಬ ಮಾತ್ರ ಅದರ ಲೆಕ್ಕ ನೋಡ್ಕೊಂಡು ಬರಲ್ಲ. ಅದಕ್ಕೇ "ಕಬ್ಬಿನ ಬಿಲ್ ಬಂದ್ಮೇಲೆ ಕೊಡ್ತೀನಿ" ಅನ್ನೋ ಮಾತು. ಇವತ್ತಿಗೂ ನಮ್ಮಪ್ಪ ಹೇಳ್ತಾರೆ.

ಬಟ್ಟೆ ಅಂಗಡಿ ಅಂದ್ರೆ ಆಗ ಗಾದಿ ಹಾಸಿದ ಅಂಗಡಿ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋಗಿ ಕೂರಬೇಕು. ಮೊದಲು ನೀರು ಕೊಡ್ತಾರೆ, ಮನೆಯವರೆಲ್ಲ ಚೆನ್ನಾಗಿದ್ದಾರಾ ಅಂತ ವಿಚಾರಿಸ್ತಾರೆ. ಆಮೇಲೆ ಸೀರೆ ಬಿಚ್ಚೋಕೆ ಶುರು. ಗಿರಾಕಿ ಎದ್ದು ಹೋಗಿ ಕಪಾಟಿಗೆ ಕೈ ಹಾಕೋ ಹಂಗಿಲ್ಲ. ಹತ್ತು ಸೀರೆ ಬಿಚ್ಚಿಸಿ ಒಂದೂ ತಗೊಳ್ದೆ ಎದ್ರೆ ಮುಖ ತೋರಿಸೋಕಾಗಲ್ಲ, ಹಂಗಾಗಿ ಕೊನೆಗೆ ಒಂದು ಟವೆಲ್ ಆದ್ರೂ ತಗೊಂಡೇ ಏಳ್ತಿದ್ರಂತೆ. ನಮ್ಮ ಮನೇಲಿ ಅಷ್ಟೊಂದು ಟವೆಲ್ ಯಾಕಿತ್ತು ಅಂತ ಈಗ ಅರ್ಥ ಆಯ್ತು.

ಇಲ್ಲಿ ಒಂದನ್ನ ಬಿಟ್ರೆ ಸುಳ್ಳಾಗುತ್ತೆ. ಆ ಗಾದಿ ಮೇಲೆ ಎಲ್ರೂ ಕೂರ್ತಿರಲಿಲ್ಲ. ಎಷ್ಟೋ ಹಳ್ಳಿ ಅಂಗಡಿಗಳಲ್ಲಿ ದಲಿತರು ಹೊರಗೆ ನಿಂತು, ದುಡ್ಡನ್ನ ಕೆಳಗಿಟ್ಟು, ಸಾಮಾನನ್ನ ಮೇಲಿಂದ ಸೆರಗಿಗೆ ಹಾಕಿಸ್ಕೊಳ್ಳಬೇಕಿತ್ತು. ಹೋಟೆಲ್‌ನಲ್ಲಿ ಬೇರೆ ಲೋಟ. ಆ ಕಾಲದಲ್ಲಿ "ಅಂಗಡಿ ಮರ್ಯಾದೆ" ಅಂದ್ರೆ ಇದೂ ಸೇರಿತ್ತು. ಹಳೇದೆಲ್ಲ ಬಂಗಾರ ಅಂತ ಕಾಮೆಂಟ್ ಹಾಕೋರು ಇದನ್ನೂ ಓದ್ಕೊಳ್ಳಿ.

1950ರ ಜನವರಿ 26ಕ್ಕೆ ಜಾರಿಗೆ ಬಂದ ನಮ್ಮ ಸಂವಿಧಾನ ತೆಗೆದು 15ನೇ ವಿಧಿಯ ಎರಡನೇ ಭಾಗ ನೋಡಿ. ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ, ಗಮನಿಸಿರಲಿಲ್ಲ. ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಬಿಡದೇ ಇರೋ ಹಂಗಿಲ್ಲ ಅಂತ ಇದೆ. ಅಂಗಡಿ ಅನ್ನೋ ಪದ ಸಂವಿಧಾನದಲ್ಲಿ, ಅದೂ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ! ಅಷ್ಟು ದೊಡ್ಡ ಪುಸ್ತಕದಲ್ಲಿ ಅದನ್ನ ಬರೆಯೋ ಅವಶ್ಯಕತೆ ಇತ್ತು ಅಂದ್ರೆ ಅಂಗಡಿ ಬಾಗಿಲಲ್ಲಿ ಏನೇನು ನಡೀತಿತ್ತು ಅಂತ ಊಹಿಸ್ಕೊಳ್ಳಿ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದ ಮೇಲೆ ಅಂಗಡಿಗೆ ಬಿಡದೇ ಇರೋದು ಶಿಕ್ಷೆ ಆಗೋ ಅಪರಾಧ ಆಯ್ತು.

4/9

ಕ್ಯೂ ಬಗ್ಗೆ.

ನಮ್ಮ ಜನಕ್ಕೆ ಕ್ಯೂ ನಿಲ್ಲೋಕೆ ಬರಲ್ಲ, ಫಾರಿನ್ನವರಿಗೆ ಹುಟ್ಟಿನಿಂದ ಬರುತ್ತೆ ಅಂತ ಒಂದು ಮಾತಿದೆಯಲ್ಲ. ಸುಳ್ಳು. ಇಂಗ್ಲಿಷಿನವರು ಆ ಪದವನ್ನೇ ಫ್ರೆಂಚರಿಂದ ತಗೊಂಡಿದ್ದು, ಫ್ರೆಂಚಿನಲ್ಲಿ ಕ್ಯೂ ಅಂದ್ರೆ ಬಾಲ. 1837ರಲ್ಲಿ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಪ್ಯಾರಿಸ್ಸಿನ ಬ್ರೆಡ್ ಅಂಗಡಿಗಳ ಮುಂದೆ ಜನ ಸಾಲಾಗಿ ನಿಲ್ಲೋದನ್ನ ಏನೋ ಹೊಸ ವಿಚಿತ್ರ ಅನ್ನೋ ಹಂಗೆ ಬರೀತಾನೆ. ಕ್ಯೂ ಹುಟ್ಟೋದು ಸಂಸ್ಕಾರದಿಂದ ಅಲ್ಲ, ಕೊರತೆಯಿಂದ. ಬ್ರೆಡ್ ಎಲ್ರಿಗೂ ಸಾಲಲ್ಲ ಅಂದಾಗ.

ನಮ್ಮಲ್ಲೂ ಅಷ್ಟೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ರೇಷನ್ ಬಂತು, ರೇಷನ್ ಜೊತೆ ಸಾಲು ಬಂತು. ಆಮೇಲೆ ಅದು ಸೊಸೈಟಿ ಮುಂದೆ ಖಾಯಂ ಆಯ್ತು. ನಮ್ಮಮ್ಮ ಹುಡುಗಿಯಾಗಿದ್ದಾಗ ಸೀಮೆಎಣ್ಣೆ ಬರೋ ದಿನ ಬೆಳಗ್ಗೆನೇ ಕ್ಯಾನ್‌ಗಳನ್ನ ಸಾಲಾಗಿ ಇಟ್ಟು ಎಲ್ರೂ ಮನೆ ಕೆಲಸಕ್ಕೆ ಹೋಗ್ತಿದ್ರಂತೆ. ಕ್ಯಾನ್ ಇಲ್ಲದೋರು ಒಂದು ಕಲ್ಲಿಟ್ಟು ಹೋಗೋರು. ಆ ಕಲ್ಲು ಯಾರದು ಅಂತ ಸುತ್ತಲಿನವರಿಗೆಲ್ಲ ಗೊತ್ತು, ಅದನ್ನ ಸರಿಸಿದ್ರೆ ನಿಮ್ಮ ಕಥೆ ಮುಗೀತು. ಏರ್‌ಪೋರ್ಟಲ್ಲಿ ಹಗ್ಗ ಕಟ್ಟಿ ದಾರಿ ಮಾಡಿದ್ರೂ ನುಗ್ಗೋ ಜನ ಇದ್ದಾರೆ, ಇಲ್ಲಿ ಒಂದು ಕಲ್ಲಿಗೆ ಅಷ್ಟು ಬೆಲೆ.

ಆದ್ರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಿಜವಾದ ಹಬ್ಬದ ಕ್ಯೂ ಯಾವುದು ಅಂತ ನಿಮಗೆಲ್ಲ ಗೊತ್ತು. ಹೊಸತೊಡಕು! ಯುಗಾದಿ ಮಾರನೇ ದಿನ, ಕತ್ತಲಲ್ಲೇ ಎದ್ದು, ಕೈಯಲ್ಲಿ ಸ್ಟೀಲ್ ಡಬ್ಬಿ ಇಲ್ಲಾ ಬ್ಯಾಗ್ ಹಿಡ್ಕೊಂಡು ಮಟನ್ ಅಂಗಡಿ ಮುಂದೆ. ಮೇಷ್ಟ್ರು, ಆಟೋದವರು, ಬ್ಯಾಂಕಿನವರು ಎಲ್ಲ ಒಂದೇ ಸಾಲು. ಅಲ್ಲಿ ನಡೀದೇ ಇರೋದು ಒಂದೇ, "ನಾನ್ಯಾರು ಗೊತ್ತಾ" ಅನ್ನೋ ಮಾತು. ನಿಮ್ಮ ಹಿಂದೆ ನಿಂತಿರೋನ ಕೈಲಿ ಡಬ್ಬಿ, ಹೊಟ್ಟೇಲಿ ಹಸಿವು, ಮನೇಲಿ ಬಂದ ನೆಂಟರು ಕಾಯ್ತಾ ಇರ್ತಾರೆ. ಯಾರನ್ನೂ ಮುಂದೆ ಬಿಡಲ್ಲ.

ಹಳ್ಳಿಗಳಲ್ಲಿ ಇದಕ್ಕಿಂತ ಚಂದದ ವ್ಯವಸ್ಥೆ ಇದೆ, ಗುಡ್ಡೆ ಬಾಡು. ಹತ್ತಾರು ಮನೆಯವರು ದುಡ್ಡು ಹಾಕಿ ಮರಿ ತರ್ತಾರೆ, ಕೊಯ್ದು ಎಲೆ ಮೇಲೆ ಸಮನಾಗಿ ಗುಡ್ಡೆ ಹಾಕ್ತಾರೆ. ಮೂಳೆ, ಮೆತ್ತಗಿನ ಭಾಗ, ಈಲಿ ಎಲ್ಲ ಪ್ರತಿ ಗುಡ್ಡೆಗೂ ಬೀಳಬೇಕು. ನಮ್ಮ ಊರಲ್ಲಿ ಗುಡ್ಡೆ ಹಾಕಿದೋರು ಕೊನೆಗೆ ಉಳಿದ ಗುಡ್ಡೆನೇ ತಗೋಬೇಕು. ಹಂಗಾಗಿ ಅವರ ಕೈ ಎಷ್ಟು ನೀಟಾಗಿ ಹಂಚುತ್ತೆ ಅಂತ ಒಂದ್ಸಲ ನೋಡ್ಬೇಕು ನೀವು.

5/9

ಚಿಕ್ಕ ಭಾಗ. ಆದ್ರೆ ಇದನ್ನ ಬಿಟ್ಟು ಮುಂದೆ ಹೋಗಬೇಡಿ.

2008ರ ನವೆಂಬರ್ 28, ಅಮೆರಿಕದಲ್ಲಿ ಹಬ್ಬದ ಸೀಸನ್ ಶುರುವಾಗೋ ಶುಕ್ರವಾರ. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ಒಂದು ವಾಲ್‌ಮಾರ್ಟ್ ಅಂಗಡಿ ಬೆಳಗಿನ ಜಾವ ಬಾಗಿಲು ತೆಗೆಯೋ ಹೊತ್ತಿಗೆ ಹೊರಗೆ ಸುಮಾರು ಎರಡು ಸಾವಿರ ಜನ. ಅವರು ನುಗ್ಗಿದ ರಭಸಕ್ಕೆ ಬಾಗಿಲು ಮುರೀತು, ಅಲ್ಲೇ ನಿಂತಿದ್ದ ಒಬ್ಬ ಟೆಂಪರರಿ ಕೆಲಸಗಾರ ಕಾಲ್ತುಳಿತಕ್ಕೆ ಸಿಕ್ಕಿ ಸತ್ತುಹೋದ. ಡಿಸ್ಕೌಂಟ್ ಟಿವಿಗೋಸ್ಕರ. ಆಮೇಲೆ ಅಲ್ಲಿನ ಸರ್ಕಾರ ಇಂಥ ಸೇಲ್‌ಗಳಲ್ಲಿ ಜನಸಂದಣಿಯನ್ನ ಹೆಂಗೆ ನಿಭಾಯಿಸಬೇಕು ಅಂತ ಅಂಗಡಿಯವರಿಗೆ ಸೂಚನೆ ಕೊಡಬೇಕಾಯ್ತು.

ನಾವು ಅಷ್ಟು ದೂರ ಹೋಗಿಲ್ಲ ಅನ್ಬೇಡಿ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಸಿಲ್ಕ್ ಸೀರೆ ಸೇಲ್‌ನಲ್ಲಿ ಇಬ್ಬರು ಹೆಂಗಸರು ಜುಟ್ಟು ಹಿಡಿದು ಜಗಳ ಆಡಿದ ವಿಡಿಯೋ ದೇಶವೆಲ್ಲ ಓಡಾಡ್ತು. ನಾವೂ ನೋಡಿ ನಕ್ಕಿದ್ವಿ. ಮತ್ತೆ ಒಂದ್ಸಲ ನೋಡಿ, ಹಿಂದೆ ಬೇರೆ ಹೆಂಗಸರು ಏನೂ ಆಗಿಲ್ಲ ಅನ್ನೋ ಹಂಗೆ ಸೀರೆ ಆರಿಸ್ತಾ ಇದ್ದಾರೆ.

6/9

ಈಗ ಮಾಲ್ ಕಡೆ ಬರೋಣ. ಮಾಲ್‌ನಲ್ಲಿ ನಮಗೆ ಸಹಜ ಅನ್ನಿಸೋ ಮೂರು ವಿಷಯ ಇವೆ. ಏನೂ ತಗೊಳ್ದೆ ಒಳಗೆ ಸುತ್ತಾಡಬಹುದು. ಬೆಲೆ ಚೀಟಿ ಮೇಲಿರುತ್ತೆ, ಚೌಕಾಸಿ ಇಲ್ಲ. ಎಲ್ಲವನ್ನೂ ನಾವೇ ಮುಟ್ಟಿ, ಎತ್ತಿ ನೋಡಬಹುದು. ಈ ಮೂರನ್ನೂ ಯಾರೋ ಒಂದು ದಿನ ಹೊಸದಾಗಿ ಮಾಡಿದ್ದು.

ಮೊದಲೆರಡಕ್ಕೆ ಹೆಸರಾಗಿದ್ದು ಪ್ಯಾರಿಸ್ಸಿನ ಬಾನ್ ಮಾರ್ಶೆ ಅಂಗಡಿ. 1852ರಲ್ಲಿ ಅರಿಸ್ಟೀಡ್ ಬೂಸಿಕೋ ಅದಕ್ಕೆ ಪಾಲುದಾರನಾಗಿ ಬಂದ ಮೇಲೆ ಬೆಲೆ ಗೊತ್ತು ಮಾಡಿ ಚೀಟಿ ಹಚ್ಚಿದ, ಕೊಳ್ಳೋ ಬಲವಂತ ಇಲ್ಲದೆ ಯಾರು ಬೇಕಾದ್ರೂ ಬಂದು ನೋಡ್ಕೊಂಡು ಹೋಗಬಹುದು ಅಂದ. ಮೂರನೆಯದು 1916ರಲ್ಲಿ, ಅಮೆರಿಕದ ಮೆಂಫಿಸ್ ಊರಲ್ಲಿ. ಕ್ಲಾರೆನ್ಸ್ ಸಾಂಡರ್ಸ್ ಅನ್ನೋನು ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆಗೆದ. (ಹೆಸರು ನಾನಿಟ್ಟಿದ್ದಲ್ಲ.) ಅಲ್ಲಿವರೆಗೂ ಅಮೆರಿಕದಲ್ಲೂ ಕೌಂಟರ್ ಆಚೆ ನಿಂತು "ಎರಡು ಸೇರು ಅಕ್ಕಿ ಕೊಡಪ್ಪ" ಅನ್ನೋ ಪದ್ಧತಿನೇ ಇದ್ದಿದ್ದು. ಇವನು ಗಿರಾಕಿ ಕೈಗೆ ಬುಟ್ಟಿ ಕೊಟ್ಟು ನೀವೇ ತಗೊಳ್ಳಿ ಅಂದ. 1937ರಲ್ಲಿ ಒಕ್ಲಹಾಮ ನಗರದಲ್ಲಿ ಸಿಲ್ವನ್ ಗೋಲ್ಡ್‌ಮನ್ ಚಕ್ರದ ಗಾಡಿ ಮಾಡಿಸಿದಾಗ ಯಾರೂ ಮುಟ್ಟಲಿಲ್ಲ. ಗಂಡಸರಿಗೆ ನಾಚಿಕೆ, ಹೆಂಗಸರಿಗೆ ಅದು ಮಗು ತಳ್ಳೋ ಗಾಡಿ ಥರ ಕಾಣ್ತಿತ್ತು. ಕೊನೆಗೆ ಅವನು ದುಡ್ಡು ಕೊಟ್ಟು ಜನರನ್ನ ಕರೆಸಿ, ಗಿರಾಕಿಗಳ ಹಂಗೆ ಗಾಡಿ ತಳ್ಕೊಂಡು ಓಡಾಡಿಸಿದ. ಅದನ್ನ ನೋಡಿ ಮಿಕ್ಕವರು ಕಲಿತರು.

ಮುಟ್ಟೋಕೆ ಬಿಟ್ಟ ಮೇಲೆ ಅನುಮಾನನೂ ಬಂತು. ಗಾದಿ ಅಂಗಡಿಯಲ್ಲಿ ಯಾರೂ ನಿಮ್ಮ ಬ್ಯಾಗ್ ಬಿಚ್ಚಿ ನೋಡ್ತಿರಲಿಲ್ಲ, ಯಾಕಂದ್ರೆ ಸಾಮಾನೆಲ್ಲ ಅವರ ಕೈಯಲ್ಲೇ ಇತ್ತು. ಈಗ ಬಾಗಿಲಲ್ಲಿ ಬ್ಯಾಗ್ ಕೊಟ್ಟು ಟೋಕನ್ ತಗೋಬೇಕು, ಮೇಲೆ ಕ್ಯಾಮೆರಾ, ಹೊರಗೆ ಹೋಗುವಾಗ ಬಿಲ್ ತೋರಿಸಬೇಕು. ಒಳ್ಳೆ ಬಟ್ಟೆ ಹಾಕಿದೋರ ಬಿಲ್ ನೋಡೋ ಸ್ಪೀಡು, ಹಳೇ ಬಟ್ಟೆಯವರ ಬಿಲ್ ನೋಡೋ ಸ್ಪೀಡು ಒಂದೇನಾ ಅಂತ ಸುಮ್ನೆ ಒಂದ್ಸಲ ಬಾಗಿಲ ಹತ್ರ ನಿಂತು ಗಮನಿಸಿ.

ಚೌಕಾಸಿ ವಿಷಯ ಹೇಳೋದೇ ಬೇಡ. ನಮ್ಮ ದೇಶದಲ್ಲಿ ಪ್ಯಾಕೆಟ್ ಮೇಲೆ ಎಲ್ಲ ತೆರಿಗೆ ಸೇರಿಸಿ ಎಂಆರ್‌ಪಿ ಹಾಕೋ ನಿಯಮ ಬಂದಿದ್ದೇ 1990ರಲ್ಲಿ. ಅಂದ್ರೆ ನಮ್ಮ ಅಪ್ಪ ಅಮ್ಮ ಸ್ಕೂಲಿಗೆ ಹೋಗ್ತಿದ್ದಾಗ.

7/9

ಭಾರತದ ಮೊದಮೊದಲ ಮಾಲ್‌ಗಳು ಬಂದಿದ್ದು 1999ರ ಸುಮಾರಿಗೆ. ಮುಂಬೈನ ಕ್ರಾಸ್‌ರೋಡ್ಸ್ ಅವುಗಳಲ್ಲೊಂದು. ಶುರುವಿನಲ್ಲಿ ನೋಡೋಕೇ ಅಂತ ಜನ ಮುಗಿಬಿದ್ರು. ಆಗ ಮಾಲ್‌ನವರು ಒಂದು ನಿಯಮ ಮಾಡಿದ್ರು: ಕೈಯಲ್ಲಿ ಮೊಬೈಲ್ ಇಲ್ಲಾ ಕ್ರೆಡಿಟ್ ಕಾರ್ಡ್ ಇರಬೇಕು, ಇಲ್ದಿದ್ರೆ ಒಳಗೆ ಹೋಗೋಕೆ ದುಡ್ಡು ಕೊಡಬೇಕು. 1999ರಲ್ಲಿ ಮೊಬೈಲ್ ಯಾರ ಹತ್ರ ಇತ್ತು ಹೇಳಿ? ವಿರೋಧ ಬಂದು ಅದನ್ನ ಕೈಬಿಟ್ರು. ಬೂಸಿಕೋ ಯಾರು ಬೇಕಾದ್ರೂ ಬನ್ನಿ ಅಂದು ನೂರೈವತ್ತು ವರ್ಷ ಆಗ್ತಾ ಬಂದಿತ್ತು.

ಬೆಂಗಳೂರಿಗೆ 2004ರಲ್ಲಿ ಕೋರಮಂಗಲದ ಫೋರಂ ಬಂತು. ನಮ್ಮ ಕಡೆಯವರಿಗೆ ಇವತ್ತಿಗೂ ಮಾಲ್ ಅಂದ್ರೆ ಒಂದೋ ಮೈಸೂರು, ಇಲ್ಲಾ ಬೆಂಗಳೂರು. 2023ರ ಮಾರ್ಚ್ 12ಕ್ಕೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಎರಡೂ ಊರು ಹತ್ತಿರ ಆದವು. ಮದ್ದೂರು ಮಾತ್ರ ಪಕ್ಕಕ್ಕೆ ಸರಿದುಹೋಯ್ತು. ಮೊದಲು ವಡೆಗೆ ಅಂತ ನಿಲ್ಲುತ್ತಿದ್ದ ಕಾರುಗಳು ಈಗ ಬೈಪಾಸ್ ಮೇಲೆ ಹೋಗ್ತವೆ, ಹಳೇ ರಸ್ತೆ ಹೋಟೆಲಿನವರು ಕಾಯ್ತಾ ಕೂತಿರ್ತಾರೆ.

2024ರ ಜುಲೈ. ಹಾವೇರಿ ಕಡೆಯ ಒಬ್ಬ ಹಿರಿಯ ರೈತ, ಮಗನ ಜೊತೆ ಸಿನಿಮಾ ನೋಡೋಕೆ ಅಂತ ಬೆಂಗಳೂರಿನ ಮಾಗಡಿ ರಸ್ತೆಯ ಜಿಟಿ ವರ್ಲ್ಡ್ ಮಾಲ್‌ಗೆ ಬಂದ್ರು. ಟಿಕೆಟ್ ಬುಕ್ ಆಗಿತ್ತು. ಪಂಚೆ ಉಟ್ಟಿದ್ದಾರೆ ಅಂತ ಸೆಕ್ಯೂರಿಟಿಯವರು ಒಳಗೆ ಬಿಡಲಿಲ್ಲ, ಪ್ಯಾಂಟ್ ಹಾಕ್ಕೊಂಡು ಬನ್ನಿ ಅಂದ್ರು. ಮಗ ವಿಡಿಯೋ ಮಾಡಿದ. ಮಾರನೇ ದಿನ ಕನ್ನಡ ಸಂಘಟನೆಯವರು, ರೈತ ಸಂಘಟನೆಯವರು ಮಾಲ್ ಮುಂದೆ ಸೇರಿದ್ರು, ಕೆಲವರು ಪಂಚೆ ಉಟ್ಕೊಂಡೇ ಬಂದಿದ್ರು. ವಿಷಯ ವಿಧಾನಸಭೆವರೆಗೂ ಹೋಯ್ತು, ಮಾಲ್ ಅನ್ನ ಏಳು ದಿನ ಮುಚ್ಚಿಸ್ತೀವಿ ಅಂತ ಸರ್ಕಾರ ಅಲ್ಲೇ ಹೇಳ್ತು. ಮಾಲ್‌ನವರು ಕ್ಷಮೆ ಕೇಳಿ ಆ ರೈತರಿಗೆ ಸನ್ಮಾನ ಮಾಡಿದ್ರು. ಅದೇ ವರ್ಷ ಫೆಬ್ರವರಿಯಲ್ಲಿ ಮೆಟ್ರೋದಲ್ಲೂ ಹಿಂಗೇ ಆಗಿತ್ತು, ಬಟ್ಟೆ ನೋಡಿ ಒಬ್ಬ ರೈತರನ್ನ ತಡೆದಿದ್ರು.

15ನೇ ವಿಧಿ ತೆಗೆದು ಮತ್ತೆ ನೋಡಿದೆ. ಬಟ್ಟೆ ಅನ್ನೋ ಪದ ಅದರಲ್ಲಿಲ್ಲ.

ಇಲ್ಲಿ ನನ್ನದೊಂದು ತಕರಾರು. ಎಲ್ರೂ ಆ ಗಾರ್ಡ್‌ಗೆ ಬೈದ್ರು. ನಮ್ಮ ಅಪ್ಪ ಅಮ್ಮಂದಿರ ಥರದವರೇ ಅಲ್ವಾ ಬಾಗಿಲಲ್ಲಿ ನಿಲ್ಲೋದು? ಆ ನಿಯಮ ಅವರು ಮನೆಯಿಂದ ತಂದಿದ್ದಲ್ಲ. ಇನ್ನೂ ಒಂದು ವಿಷಯ. ಪಂಚೆ ತಡೆದಾಗ ನಾವೆಲ್ಲ ಸ್ಟೋರಿ ಹಾಕಿದ್ವಿ, ಕೋಪ ಬಂದಿತ್ತು, ನಿಜ. ಅದೇ ನಾವು ಎಸ್ಕಲೇಟರ್ ಬುಡದಲ್ಲಿ ನಿಂತ ಅಜ್ಜಿಗೆ ನಕ್ಕಿದ್ವಿ. ಗಾರ್ಡ್ ಬಾಯಲ್ಲಿ ಹೇಳಿದ್ದನ್ನ ನಾವು ಎಮೋಜಿಯಲ್ಲಿ ಹೇಳಿದ್ವಿ.

8/9

ನಮ್ಮ ದೊಡ್ಡಪ್ಪನ ಮಗಳು, ನಾನು ಅಕ್ಕ ಅಂತೀನಿ, ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡ್ತಾಳೆ. ಯಾವ ಊರು, ಯಾವ ಅಂಗಡಿ ಅಂತ ಹೇಳಲ್ಲ, ಕೆಲಸ ಹೋದ್ರೆ ನಾನೇ ಅವಳನ್ನ ಸಾಕಬೇಕಾಗುತ್ತೆ. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಅವಳು ಮನೆಗೆ ಬಂದ ತಕ್ಷಣ ಕಾಲನ್ನ ಬಿಸಿನೀರಿನ ಟಬ್‌ನಲ್ಲಿ ಇಡ್ತಾಳೆ. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತೂವರೆ ನಿಂತೇ ಇರಬೇಕು. ಸ್ಟೂಲ್ ಇದೆ, ಅದು ಗಿರಾಕಿಗಳಿಗೆ.

ಅವಳನ್ನ ಕೇಳಿದೆ, ನಿಂಗೆ ಗಿರಾಕಿಗಳಲ್ಲಿ ಏನು ಇಷ್ಟ ಆಗಲ್ಲ ಅಂತ. ಚೌಕಾಸಿ, ಬೈಗುಳ ಅಂತೆಲ್ಲ ಹೇಳ್ತಾಳೆ ಅಂದ್ಕೊಂಡಿದ್ದೆ. "ಸೀರೆ ಬಿಚ್ಚಿಸಿ ಬಿಟ್ಟು ಹೋಗ್ಲಿ, ಪರ್ವಾಗಿಲ್ಲ, ಮಡಚೋದೇ ನನ್ನ ಕೆಲಸ. ಆದ್ರೆ ಫೋನಲ್ಲಿ ಮಾತಾಡ್ತಾ ಬೆರಳಲ್ಲಿ ಹಿಂಗೆ ಹಿಂಗೆ ಅಂತ ತೋರಿಸ್ತಾರಲ್ಲ ಕಣೇ, ಆ ಸೀರೆ ತೆಗಿ, ಇದನ್ನ ತೆಗಿ ಅಂತ, ಮುಖನೇ ನೋಡ್ದೆ, ಅದು" ಅಂದ್ಲು. ಆಮೇಲೆ ಟ್ರಯಲ್ ರೂಮ್ ಕಥೆ. ಹಬ್ಬದ ದಿನಗಳಲ್ಲಿ ಒಂದೊಂದು ರೂಮಲ್ಲಿ ಹತ್ತು ಹದಿನೈದು ಡ್ರೆಸ್ ನೆಲದ ಮೇಲೆ ಬಿದ್ದಿರುತ್ತಂತೆ, ಕೆಲವದರ ಮೇಲೆ ಲಿಪ್‌ಸ್ಟಿಕ್. ಕಲೆಯಾದದ್ದಕ್ಕೆ ಅವತ್ತು ಡ್ಯೂಟಿಯಲ್ಲಿದ್ದೋರು ಜವಾಬ್ದಾರಿ. ಮತ್ತೆ, ಮುಚ್ಚೋ ಹೊತ್ತಿಗೆ ಐದು ನಿಮಿಷ ಇರುವಾಗ ಬಂದು "ಸುಮ್ನೆ ನೋಡ್ತೀವಿ" ಅನ್ನೋ ಕುಟುಂಬಗಳು. ಅವಳ ಊರಿಗೆ ಕೊನೇ ಬಸ್ಸು ಹತ್ತು ಗಂಟೆಗೆ.

ಬ್ರಿಟನ್ನಿನಲ್ಲಿ 1899ರಲ್ಲೇ ಅಂಗಡಿ ಕೆಲಸದ ಹೆಂಗಸರಿಗೆ ಕೂರೋಕೆ ಸೀಟು ಕೊಡಬೇಕು ಅಂತ ಒಂದು ಕಾಯ್ದೆ ಮಾಡಿದ್ರು. ಮೂರು ಜನಕ್ಕೆ ಒಂದು ಸೀಟು, ಅಷ್ಟಾದರೂ ಇರಲಿ ಅಂತ. ನಮ್ಮ ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಕೂರೋ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕಾನೂನು ಬದಲಾಯ್ತು. 2021ರಲ್ಲಿ ತಮಿಳುನಾಡು. ಇದನ್ನ ಅಕ್ಕನಿಗೆ ಹೇಳಿದೆ. ಅವಳು ಟಬ್‌ನಲ್ಲಿ ಕಾಲು ಆಡಿಸ್ತಾ "ಮೂರು ಜನಕ್ಕೆ ಒಂದಾ? ನಾವು ಹನ್ನೆರಡು ಜನ ಇದೀವಿ, ನಾಲ್ಕು ಬರುತ್ತೆ" ಅಂತ ಲೆಕ್ಕ ಹಾಕಿದ್ಲು.

9/9

ಕೊನೇ ಭಾಗ. ಎಸ್ಕಲೇಟರ್.

1898ರ ನವೆಂಬರ್‌ನಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ ಇಂಗ್ಲೆಂಡಿನ ಮೊದಲ ಚಲಿಸೋ ಮೆಟ್ಟಿಲು ಹಾಕಿದ್ರು. ಮೆಟ್ಟಿಲು ಅಂತ ಹೆಸರಿಗೆ, ನಿಜಕ್ಕೂ ಅದು ಮೇಲಕ್ಕೆ ಓಡೋ ಒಂದು ಚರ್ಮದ ಪಟ್ಟಿ, ಪಕ್ಕದಲ್ಲಿ ಹಿಡಿಕೆ. ಹ್ಯಾರಡ್ಸ್‌ಗೆ ಬರ್ತಿದ್ದೋರು ಯಾರು? ಲಂಡನ್ನಿನ ದೊಡ್ಡ ಮನೆತನದ ಜನ. ಅವರು ಎಷ್ಟು ಹೆದರಿದ್ರು ಅಂದ್ರೆ, ಮೇಲೆ ಮುಟ್ಟಿದವರಿಗೆ ಸುಧಾರಿಸ್ಕೊಳ್ಳಿ ಅಂತ ಅಂಗಡಿಯವರು ಬ್ರಾಂದಿ ಕೊಡ್ತಿದ್ರು! ತಲೆ ಸುತ್ತಿದವರಿಗೆ ಮೂಸೋಕೆ ಔಷಧಿ ಉಪ್ಪು. ಯಾರೂ ಕಾಮಿಡಿ ಮ್ಯೂಸಿಕ್ ಹಾಕಲಿಲ್ಲ.

ಇದನ್ನ ಓದಿದ ದಿನವೇ ರೀಲ್ ಮಾಡಿದ ಫ್ರೆಂಡ್‌ಗೆ ಫೋನ್ ಮಾಡಿದೆ. ಜಗಳ ಆಡೋಕಲ್ಲ. ಆಮೇಲೆ ಏನಾಯ್ತು ಅಂತ ಕೇಳೋಕೆ. ನಾನು ಅಷ್ಟೊತ್ತಿಗೆ ಫುಡ್ ಕೋರ್ಟ್‌ನಲ್ಲಿ ಟೇಬಲ್ ಹಿಡಿಯೋಕೆ ಓಡಿದ್ದೆ.

ಸ್ವಲ್ಪ ಹೊತ್ತು ಸುಮ್ಮನಿದ್ಲು. "ಹೌಸ್‌ಕೀಪಿಂಗ್ ಆಂಟಿ ಒಬ್ರು ಬಂದ್ರು ಕಣೇ. ನೆಲ ಒರೆಸ್ತಾ ಇದ್ರು, ಕೋಲನ್ನ ಗೋಡೆಗೆ ಒರಗಿಸಿ ಬಂದು ಅಜ್ಜಿ ಕೈ ಹಿಡ್ಕೊಂಡ್ರು. ಒಂದು, ಎರಡು ಅಂತ ಎಣಿಸಿ ಜೊತೆಗೇ ಕಾಲಿಟ್ರು. ತಾತ ಹಿಂದೆ ಅವರ ಸೆರಗು ಹಿಡ್ಕೊಂಡು ಹೋದ್ರು. ಮೇಲೆ ಬಿಟ್ಟು ಆಂಟಿ ವಾಪಸ್ ಇಳಿದು ಬಂದ್ರು."

"ಅದನ್ನ ಶೂಟ್ ಮಾಡ್ಲಿಲ್ವಾ?"

"ಇಲ್ಲ."

ರೀಲ್ ಅನ್ನ ಅವಳೇ ಡಿಲೀಟ್ ಮಾಡಿದಾಳೆ, ನಾನು ಹೇಳಲಿಲ್ಲ. ಅಷ್ಟೊತ್ತಿಗೆ ಬೇರೆ ಯಾವ್ಯಾವ ಗ್ರೂಪಿಗೆ ಹೋಗಿತ್ತೋ ಏನೋ. ನಿಮ್ಮ ಫೋನಲ್ಲಿದ್ರೆ ನೀವೂ ತೆಗೆದುಬಿಡಿ ಪ್ಲೀಸ್, ಅಜ್ಜಿ ಮುಖ ಪೂರ್ತಿ ಕಾಣುತ್ತೆ.

ನಮ್ಮಜ್ಜಿಗೆ ಬಂದು ಹೇಳಿದೆ, ಆಯಮ್ಮ ಹತ್ತಿದ್ರು ಅಂತ. ಅಜ್ಜಿ ಅವರೆಕಾಯಿ ಬಿಡಿಸ್ತಾ ಇದ್ರು. "ಹ್ಞೂಂ, ಯಾರಾರ ಕೈ ಕೊಟ್ಟಿರ್ತಾರೆ" ಅಂದ್ರು. ಇನ್ನೊಂದು ಹಿಡಿ ಬಿಡಿಸಿದ ಮೇಲೆ, "ಮೂರು ಸಲ ಮೈಸೂರ್ಗೋಗಿವ್ನಿ, ದಸರಾ ನೋಡಿವ್ನಿ, ಆ ಓಡೋ ಮೆಟ್ಲು ಮಾತ್ರ ನೋಡಿಲ್ಲ. ಯಾವಾಗ್ ಕರ್ಕೊಂಡೋಗೀಯೆ?"

ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಅಂತ ಮಾತಾಗಿದೆ. ರಶ್ ಕಮ್ಮಿ ಇರುತ್ತೆ ಅಂತ ಅಕ್ಕ ಹೇಳಿದಾಳೆ. ಫೋಟೋ ಹಾಕೋದಾ ಬೇಡ್ವಾ ಅಂತ ಅಜ್ಜಿನ ಕೇಳಿ ಹೇಳ್ತೀನಿ.

ನಿಮ್ಮ ಅಜ್ಜಿ ತಾತಂದಿರ ಹತ್ರ ಸಂತೆ, ಹಳೇ ಅಂಗಡಿ, ಸೊಸೈಟಿ ಕ್ಯೂ ಕಥೆ ಇದ್ರೆ ಕೆಳಗೆ ಬರೀರಿ. ಮದ್ದೂರು ಕಡೆಯವರು ಯಾಕೋ ಈ ಸಲ ಸುಮ್ಮನಿದ್ದೀರ.

#ಮಂಡ್ಯ #ಮದ್ದೂರು #ಮಳವಳ್ಳಿ #ಸಂತೆ #ಹೊಸತೊಡಕು #ನಮ್ಮೂರ_ಇತಿಹಾಸ